ಅಪ್ಪ ಆಕ್ಸಿಡೆಂಟ್ ಮಾಡಿರಲಿಲ್ಲ

ಆ ಪತ್ರದಲ್ಲಿ ಹದಿನಾಲ್ಕು ಸಾಲು ಇಂಗ್ಲಿಷು, ನಾನು ಬರೆದದ್ದು. ಕೆಳಗೆ ಒಂದು ಸಹಿ, ಕನ್ನಡದಲ್ಲಿ, ಅಪ್ಪನದು. ಅಪ್ಪ ಏಳನೇ ಇಯತ್ತೆ ಕಲಿತವನು. ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಾನೆ, ಇಂಗ್ಲಿಷ್ ಬಾರದು. ‘ಎಂತಾ ಬರ್ದಿದ್ದೆ’ ಎಂದು ಒಂದು ಮಾತು ಕೇಳದೆ ಸಹಿ ಹಾಕಿದ. ಬರೆದವಳು ಮಗಳು, ಬಿ.ಎ. ಪಾಸಾದವಳು, ಅಷ್ಟೇ ಸಾಕಿತ್ತು ಅವನಿಗೆ. ಎರಡು ವರ್ಷದ ಮೇಲೆ ಕಾರವಾರದ ಕೋರ್ಟಿನಲ್ಲಿ ಎದುರಿನ ವಕೀಲರು ಅದೇ ಹಾಳೆಯನ್ನು ಅವನ ಮುಂದೆ ಹಿಡಿದರು. ಅವತ್ತು ನಾನು ಕಲಿತದ್ದನ್ನು ಬೇರೆ ಯಾರೂ ಆ ರೀತಿ ಕಲಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

2012ರ ಜೂನ್ 10, ರವಿವಾರ. ಕಾರವಾರದಲ್ಲಿ ಸಂತೆ. ಇಶಾಡ ಮಾವಿನ ಕೊನೆಯ ಕೊಯ್ಲು. ಅಪ್ಪ ಎರಡು ಬುಟ್ಟಿ ಕಟ್ಟಿಕೊಂಡು ಟಿವಿಎಸ್ ಮೇಲೆ ಬೆಳಿಗ್ಗೆ ಆರಕ್ಕೇ ಅಂಕೋಲೆ ಬಿಟ್ಟ. ಆಗ ಹೆದ್ದಾರಿ ಇನ್ನೂ ಎರಡೇ ಪಥದ್ದು. ಅವರ್ಸಾ ದಾಟಿದ ಮೇಲೆ ಮಳೆ ಹಿಡಿಯಿತು. ಹಾರವಾಡದ ಹತ್ತಿರದ ತಿರುವಿನಲ್ಲಿ ಕಾರವಾರ ಕಡೆಯಿಂದ ಬಂದ ಲಾರಿ ಮುಂದಿನ ಬಸ್ಸನ್ನು ಹಿಂದೆ ಹಾಕಲು ಹೋಗಿ ಅಪ್ಪನ ಬದಿಗೇ ನುಗ್ಗಿತು. ನಾವು ಹೋಗಿ ನೋಡುವಾಗ ಹಣ್ಣುಗಳು ರಸ್ತೆಯ ಮೇಲೆ ಜಜ್ಜಿ ಹೋಗಿದ್ದವು, ಮಳೆನೀರಿನ ಜೊತೆ ರಸ ಹರಿಯುತ್ತಿತ್ತು. ಅಪ್ಪನನ್ನು ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸಾಗಿಸಿದ್ದರು. ಬಲಗಾಲು ಎರಡು ಕಡೆ ಮುರಿದಿತ್ತು. ಆರು ತಾಸು ಪ್ರಜ್ಞೆ ಇರಲಿಲ್ಲ.

ಮೂರು ವಾರದ ನಂತರ, ವಕೀಲರನ್ನು ನೋಡುವ ಮೊದಲೇ, ನಾನು ಲಾರಿಯ ವಿಮಾ ಕಂಪನಿಗೆ ಪತ್ರ ಬರೆದೆ. ಬರೆಯಲು ಹೇಳಿದವನು ಸೋದರಮಾವ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾನು ಕನ್ನಡದಲ್ಲಿ ಬರೆಯಲು ಕೂತಿದ್ದೆ. ಅವನು ಪೆನ್ನು ತಡೆದ. “ಕನ್ನಡದಲ್ಲಿ ಬರದ್ರೆ ಯಾರೂ ಓದೂದಿಲ್ಲ. ಇಂಗ್ಲಿಷಲ್ಲೇ ಬರಿ. ನೀ ಬಿ.ಎ. ಮಾಡದ್ದು ಎಂತಕ್ಕೆ?” ಆ ಕಂಪನಿಯ ಕೌಂಟರಿನಲ್ಲಿ ಕೂತಿದ್ದವರೂ ಹಿಂದಿನ ದಿನ ಅದನ್ನೇ ಹೇಳಿ ಕಳಿಸಿದ್ದರು, “ಕನ್ನಡ ಪತ್ರ ಇಲ್ಲಿ ನಡೆಯೋದಿಲ್ಲ” ಎಂದು. ಕಾಲು ಮುರಿದವನ ಮಗಳಿಗೆ ಹೇಳುವ ಮಾತೇ ಅದು? ಆದರೆ ಅವರಿಬ್ಬರಿಗಿಂತ ಹೆಚ್ಚಿನ ತಪ್ಪು ನನ್ನ ಹಟದ್ದು. ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರಿದ್ದರು. “ಒಂದು ಸಲ ತೋರಿಸು ತಂಗೀ, ನೋಡಿ ಕೊಡ್ತೆ” ಎಂದು ತಾವಾಗಿ ಬಂದು ಕೇಳಿದರು. ನಾನು ತೋರಿಸಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎಂಬತ್ತನಾಲ್ಕು ಬಂದಿತ್ತು. ಸ್ಪೆಲ್ಲಿಂಗ್ ತಪ್ಪು ಮಾಡುವವಳಲ್ಲ ನಾನು, ಟೆನ್ಸ್ ತಪ್ಪುವವಳಲ್ಲ. ಮತ್ತೊಬ್ಬರು ನೋಡುವುದು ಯಾಕೆ?

ಆ ಪತ್ರದಲ್ಲಿ ಸ್ಪೆಲ್ಲಿಂಗ್ ತಪ್ಪು ಒಂದೂ ಇರಲಿಲ್ಲ. ಅದನ್ನು ಈಗಲೂ ಹೇಳಬಲ್ಲೆ. ತಪ್ಪಿದ್ದದ್ದು ಎರಡು ಪದಜೋಡಿಗಳಲ್ಲಿ.

ಒಂದನೆಯದು: ‘ಮೈ ಫಾದರ್ ಮೇಡ್ ಆಕ್ಸಿಡೆಂಟ್ ವಿತ್ ದ ಲಾರಿ.’ ನಮ್ಮ ಕಡೆ ಹೇಗೆ ಹೇಳುತ್ತೇವೆ? ‘ಅವ ಆಕ್ಸಿಡೆಂಟ್ ಮಾಡ್ಕೊಂಡ.’ ಬಿದ್ದವನು, ಪೆಟ್ಟಾದವನು, ಬಸ್ಸಿನ ಅಡಿ ಸಿಕ್ಕವನು, ಎಲ್ಲರೂ ‘ಮಾಡ್ಕೊಂಡ’ವರೇ. ತಪ್ಪು ಯಾರದ್ದು ಎಂಬುದು ಆ ಮಾತಿನಲ್ಲಿ ಇಲ್ಲ. ‘ಕೊಂಡ’ ಎಂಬ ಬಾಲದಲ್ಲಿ ಅನುಭವಿಸಿದವನ ಪಾಡು ಅಡಗಿದೆ. ನಾನು ‘ಮಾಡು’ವನ್ನು ಇಂಗ್ಲಿಷಿಗೆ ಸಾಗಿಸಿದೆ, ‘ಕೊಂಡ’ ದಾರಿಯಲ್ಲೇ ಬಿದ್ದುಹೋಯಿತು. ಇಂಗ್ಲಿಷಿನಲ್ಲಿ ಆಕ್ಸಿಡೆಂಟ್ ಎಂಬ ಪದದ ಜೊತೆ ‘ಮೇಕ್’ ಸೇರುವುದಿಲ್ಲ. ‘ಹ್ಯಾಡ್ ಆನ್ ಆಕ್ಸಿಡೆಂಟ್’ ಎನ್ನಬೇಕು, ಅಥವಾ ನಮ್ಮ ದೇಶದ ಪೊಲೀಸ್ ಠಾಣೆ, ಕೋರ್ಟುಗಳಲ್ಲಿ ಬಳಕೆಯಲ್ಲಿರುವ ‘ಮೆಟ್ ವಿತ್ ಆನ್ ಆಕ್ಸಿಡೆಂಟ್’. ಅಪಘಾತ ಮಾಡಿದವನನ್ನು ಹೇಳಬೇಕಾದರೆ ‘ಕಾಸ್ಡ್’ ಎಂಬ ಬೇರೆಯೇ ಪದ. ‘ಮೇಡ್’ ಎಂದು ಓದಿದವರಿಗೆ ಕಿವಿಗೆ ಬೀಳುವುದು ಆ ಮೂರನೆಯ ಅರ್ಥವೇ.

ಎರಡನೆಯದು: ‘ಹಿ ಲಾಸ್ಟ್ ಹಿಸ್ ಸೆನ್ಸಸ್.’ ಪ್ರಜ್ಞೆ ತಪ್ಪಿತು ಎಂಬುದಕ್ಕೆ ಬರೆದದ್ದು. ಪ್ರಜ್ಞೆ ತಪ್ಪಿದರೆ ‘ಲಾಸ್ಟ್ ಕಾನ್ಷಸ್‌ನೆಸ್’. ‘ಲಾಸ್ಟ್ ಹಿಸ್ ಸೆನ್ಸಸ್’ ಎಂದರೆ ಬುದ್ಧಿ ಕೆಟ್ಟಿತು, ತಲೆ ನೆಟ್ಟಗಿರಲಿಲ್ಲ ಎಂದಾಗುತ್ತದೆ.

ಇಷ್ಟೇ. ಹದಿನಾಲ್ಕು ಸಾಲಿನಲ್ಲಿ ಎರಡು ಕಡೆ.

ಪರಿಹಾರ ಕೇಳಿ ನಾವು ಹಾಕಿದ ದಾವೆಯಲ್ಲಿ 2014ರ ಮಳೆಗಾಲದಲ್ಲಿ ಅಪ್ಪನ ಪಾಟೀಸವಾಲು ಬಂತು. ಅಪ್ಪ ಬಿಳಿ ಅಂಗಿ ಹಾಕಿ, ಕೋಲು ಹಿಡಿದು, ಮೊದಲ ಬಸ್ಸಿಗೇ ಹೊರಟಿದ್ದ. ಕೋಣೆಯ ಹೊರಗೆ ಹೆಸರು ಕೂಗಿದರು. ಕಟಕಟೆಯ ಮೆಟ್ಟಿಲು ಒಂದೇ, ಅದನ್ನು ಹತ್ತಲು ಅವನಿಗೆ ಮೂರು ಸಲ ಬೇಕಾಯಿತು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎದುರಿನ ವಕೀಲರು ಒರಟರೇನಲ್ಲ, ಮೆತ್ತಗೆ, ಮರ್ಯಾದೆಯಿಂದಲೇ ಕೇಳುತ್ತಿದ್ದರು. ಮಳೆ ಇತ್ತೇ, ಗಾಡಿಯ ಮೇಲೆ ಎರಡು ಬುಟ್ಟಿ ಇದ್ದವೇ, ಲೈಸೆನ್ಸ್ ಇದೆಯೇ. ಅಪ್ಪ ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟ. ಆಮೇಲೆ ಅವರು ಫೈಲಿನಿಂದ ಒಂದು ಹಾಳೆ ತೆಗೆದರು. ದೂರದಿಂದಲೇ ನನ್ನ ಅಕ್ಷರ ನನಗೆ ಗೊತ್ತಾಯಿತು.

“ಯಜಮಾನರೇ, ಇದು ನಿಮ್ಮ ಸಹಿಯೇ?”

“ಹೌದು, ನಂದೇ.”

“ಯಾರ ಒತ್ತಾಯವೂ ಇಲ್ಲದೆ ಹಾಕಿದ್ದು?”

“ಒತ್ತಾಯ ಯಾರದ್ದು? ನನ್ನ ಮಗಳು ಬರ್ದದ್ದು.”

ಹಾಳೆಗೆ ‘ಆರ್-1’ ಎಂದು ಗುರುತು ಬಿತ್ತು.

“ಈ ಪತ್ರದಲ್ಲಿ, ಲಾರಿಗೆ ಅಪಘಾತ ಮಾಡಿದ್ದು ನೀವೇ ಎಂದು ಬರೆದಿದ್ದೀರಿ. ಆ ಹೊತ್ತಿಗೆ ನಿಮ್ಮ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಎಂದೂ ಇದೆ. ಇದು ಸರಿ ತಾನೆ?”

ಅಪ್ಪ ಹಾಳೆಯನ್ನು ನೋಡಿದ. ಅವನಿಗೆ ಅದರಲ್ಲಿ ಕಾಣುತ್ತಿದ್ದದ್ದು ತನ್ನ ಹೆಸರು ಒಂದೇ. ಆಮೇಲೆ ತಿರುಗಿ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿದರೆ ನನ್ನ ಕಡೆ ನೋಡುತ್ತಿದ್ದನಲ್ಲ, ನೀನು ಹೇಳು ಎಂಬಂತೆ, ಹಾಗೆ ನೋಡಿದ. ನಾನು ಎದ್ದು ನಿಂತೆ. ಬಾಯಿ ತೆರೆಯುವಂತಿಲ್ಲ, ಪೇದೆ ಕೈಸನ್ನೆಯಲ್ಲೇ ಕೂರಿಸಿದರು. ಅಪ್ಪ ಮತ್ತೆ ವಕೀಲರ ಕಡೆ ತಿರುಗಿದ.

“ನನ್ನ ಮಗಳು ಬರ್ದಿದ್ರೆ ಸರಿಯೇ ಇರಬೇಕು, ಸಾಯ್ಬರೆ.”

ಬೆರಳಚ್ಚುಗಾರರು ಟೈಪ್ ಮಾಡುವ ಶಬ್ದ ಕೇಳಿಸಿತು. ಅಪ್ಪನ ನಂಬಿಕೆ ಒಪ್ಪಿಗೆಯಾಗಿ ದಾಖಲಾಗುತ್ತಿತ್ತು. ನನ್ನ ಜೀವಮಾನದಲ್ಲಿ ಆ ಟಕಟಕದಷ್ಟು ನೋವು ಕೊಟ್ಟ ಸದ್ದು ಬೇರೆ ಇಲ್ಲ. ನಮ್ಮ ವಕೀಲರು ಎದ್ದು ಸಾಕ್ಷಿಗೆ ಇಂಗ್ಲಿಷ್ ಬಾರದು, ಓದಿ ಹೇಳದೆ ಪ್ರಶ್ನೆ ಕೇಳಿದ್ದಾರೆ ಎಂದು ಆಕ್ಷೇಪ ಎತ್ತಿದರು. ಅದೂ ದಾಖಲಾಯಿತು. ಆದರೆ ಆಡಿದ ಮಾತು ಆಡಿದ್ದೇ.

ಹೊರಗೆ ಬಂದ ಮೇಲೆ ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗೋಣ ಎನ್ನಲಿಲ್ಲ, ಸಮುದ್ರದ ಕಡೆ ನಡೆದ. ಠಾಗೋರ್ ಬೀಚಿನಲ್ಲಿ ಮಳೆಗಾಲದ ಕಡಲು ಮಣ್ಣು ಬಣ್ಣಕ್ಕೆ ತಿರುಗಿತ್ತು. ಕಟ್ಟೆಯ ಮೇಲೆ ಕೂತು, ಬಹಳ ಹೊತ್ತಿನ ಮೇಲೆ ಕೇಳಿದ, “ಅದರಲ್ಲಿ ಹಂಗೇ ಬರ್ದಿದ್ಯೇ ತಂಗೀ?” ನಾನು ಹೇಳಲು ನೋಡಿದೆ, ‘ಮಾಡ್ಕೊಂಡ’ ಎಂದು ಬರೆಯಲು ಹೋಗಿ ‘ಮಾಡಿದ’ ಎಂದಾಯಿತು ಎಂದು. ಅವನು ತಲೆ ಆಡಿಸಿದ. ಅರ್ಥವಾಯಿತೋ, ನಾನು ಅಳುವುದು ನಿಲ್ಲಲಿ ಎಂದೋ ಗೊತ್ತಿಲ್ಲ.

ಆ ಬೀಚಿಗೆ ಆ ಹೆಸರು ಬಂದದ್ದು ರವೀಂದ್ರನಾಥ ಠಾಗೋರರು 1880ರ ದಶಕದಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಇಲ್ಲಿ ಬಂದು ಉಳಿದದ್ದರಿಂದ. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯರು, ಆಗ ಕಾರವಾರದಲ್ಲಿ ನ್ಯಾಯಾಧೀಶರು. ಇಂಗ್ಲೆಂಡಿಗೆ ಹೋಗಿ ಬಂದಿದ್ದ ತಮ್ಮ ಇಲ್ಲಿ ಕೂತು ನಾಟಕ ಬರೆದದ್ದು ಬಂಗಾಳಿಯಲ್ಲಿ. ಅಷ್ಟು ಇಂಗ್ಲಿಷ್ ಬಲ್ಲವರೇ ಮನಸ್ಸಿನ ಮಾತಿಗೆ ತಮ್ಮ ಭಾಷೆ ಹಿಡಿದರು. ಇದೆಲ್ಲ ಶಾಲೆಯಲ್ಲಿ ಪ್ರಬಂಧಕ್ಕೆಂದು ನಾನೇ ಬಾಯಿಪಾಠ ಮಾಡಿದ್ದೆ. ಅಪ್ಪನ ಕಾಲಿನ ವಿಷಯ ಬರೆಯಲು ಕೂತಾಗ ಅದು ನೆನಪಾಗಲಿಲ್ಲ.

ಮುಂದಿನ ತಾರೀಕಿಗೆ ವಕೀಲರು ನನ್ನನ್ನೇ ಸಾಕ್ಷಿಗೆ ಕರೆದರು. ಪತ್ರ ಬರೆದದ್ದು ನಾನು, ಅಪ್ಪನಿಗೆ ಓದಿ ಹೇಳಲಿಲ್ಲ ಎಂದು ಒಪ್ಪಿಕೊಂಡೆ. ಇಡೀ ಊರಿಗೆ ಕೇಳುವಂತೆ ಹಾಗೆ ಒಪ್ಪಿಕೊಳ್ಳುವುದು ಸುಲಭವಲ್ಲ. ನ್ಯಾಯಾಧೀಶರು ಕನ್ನಡದವರು. “ಕನ್ನಡದಲ್ಲಿ ನೀವು ಏನು ಬರೆಯಬೇಕೆಂದಿದ್ದಿರಿ?” ಎಂದು ಕೇಳಿದರು. “ನಮ್ಮಪ್ಪ ಆಕ್ಸಿಡೆಂಟ್ ಮಾಡ್ಕೊಂಡ ಅಂತ” ಎಂದೆ. ಅವರು ಪೆನ್ನು ಕೆಳಗಿಟ್ಟು ಒಂದು ಕ್ಷಣ ಸುಮ್ಮನಾದರು. ಅವರಿಗೆ ತಿಳಿಯಿತು ಎಂದು ನನಗೆ ಆಗಲೇ ಅನಿಸಿತು. ಪೊಲೀಸರ ಸ್ಥಳ ಪಂಚನಾಮೆ, ಲಾರಿ ಚಾಲಕನ ಮೇಲಿನ ದೋಷಾರೋಪ ಪಟ್ಟಿ, ಆಸ್ಪತ್ರೆಯ ದಾಖಲೆ ಎಲ್ಲವೂ ನಮ್ಮ ಕಡೆ ಇದ್ದವು. ತೀರ್ಪಿನಲ್ಲಿ ಅಪ್ಪನ ಮೇಲೆ ತಪ್ಪಿನ ಪಾಲು ಹೊರಿಸಲಿಲ್ಲ. ಆದರೆ ಆ ಎರಡು ಜೋಡಿ ಪದ ಬಿಡಿಸಲು ಮತ್ತೆ ಎಂಟು ತಿಂಗಳು ಹೋಯಿತು, ಆಸ್ಪತ್ರೆಗೆ ಮಾಡಿದ ಸಾಲದ ಬಡ್ಡಿ ಅಷ್ಟೂ ತಿಂಗಳು ಬೆಳೆಯಿತು.

ಅಂದಿನಿಂದ ನಾನು ಪದಗಳನ್ನು ಒಂಟಿಯಾಗಿ ನೋಡುವುದು ಬಿಟ್ಟೆ.

ಪದಗಳು ಹೀಗೆ ಜೋಡಿಯಾಗಿ ಬರುವುದಕ್ಕೆ ಇಂಗ್ಲಿಷ್ ಪಂಡಿತರು ಕೊಲೊಕೇಶನ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು, ಪದಗಳ ಒಡನಾಟ. ಆ ವಿಚಾರವನ್ನು ಭಾಷಾಶಾಸ್ತ್ರದಲ್ಲಿ ನೆಲೆಗೊಳಿಸಿದ ಜೆ. ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೋದಲ್ಲಿ ಇಂಥ ಜೋಡಿಗಳ ವರದಿಯನ್ನೇ ಹೊರತಂದರು. ಅವರ ಜೊತೆಗಾರ ಎ. ಎಸ್. ಹಾರ್ನ್‌ಬಿ ಜಪಾನೀ ವಿದ್ಯಾರ್ಥಿಗಳಿಗೆ ಕಲಿಸುತ್ತ ಮಾಡಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ತನ್ನದಾಗಿ ಮಾಡಿಕೊಂಡಿತು. ನಮ್ಮ ಶಾಲೆ, ಕಾಲೇಜುಗಳ ಕಪಾಟಿನಲ್ಲಿರುವ ದಪ್ಪ ನಿಘಂಟಿನ ಮೂಲ ಅದೇ. ಇದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು. ಟೋಕಿಯೋದ ಹುಡುಗನೂ ಅಂಕೋಲೆಯ ಹುಡುಗಿಯೂ ಎಡವುವುದು ಒಂದೇ ಹೊಸ್ತಿಲಲ್ಲಿ.

ಕನ್ನಡದಲ್ಲೂ ಹೀಗೇ ತಾನೆ? ಗಾಳಿ ಬೀಸುತ್ತದೆ, ಸಿಡಿಲು ಬಡಿಯುತ್ತದೆ, ಮಂಜು ಕವಿಯುತ್ತದೆ. ಬಲೆ ಬೀಸುತ್ತೇವೆ, ಗಾಳ ಹಾಕುತ್ತೇವೆ. ಹಸಿ ಸುಳ್ಳು ಇದೆ, ಹಸಿ ಸತ್ಯ ಇಲ್ಲ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಇಂಗ್ಲಿಷಿನಲ್ಲಿ ನೀರಿಗೆ ‘ಡ್ರಾ’, ಬೀಡಿಗೆ ‘ಸ್ಮೋಕ್’. ಬಂಗಾಳಿಯಲ್ಲಿ ಚಹಾವನ್ನೂ ‘ತಿನ್ನು’ತ್ತಾರೆ. ಯಾರೂ ಇದನ್ನು ನಿಯಮ ನೋಡಿ ಕಲಿತದ್ದಲ್ಲ, ತಾಯಿಯ ಬಾಯಿಂದ ಜೋಡಿಯಾಗಿಯೇ ಬಂದದ್ದು. ಇಂಗ್ಲಿಷ್ ಮಾತ್ರ ನಮಗೆ ಒಂದೊಂದೇ ಪದವಾಗಿ ಬಂತು, ಪಾಠದ ಕೊನೆಯ ಪದಕೋಶದಲ್ಲಿ, ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ.

‘ಜೋರು’ ಎಂಬ ಒಂದು ಪದ ಹಿಡಿಯಿರಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ. ನಮಗೆ ನಾಲ್ಕಕ್ಕೂ ಒಂದೇ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ‘ಬಿಗ್ ರೇನ್’ ಎಂದರೆ ಅರ್ಥವಾದೀತು, ಆದರೆ ಬರೆದವರ ಮೇಲಿನ ಭರವಸೆ ಅಲ್ಲೇ ಒಂದು ಗೆರೆ ಇಳಿಯುತ್ತದೆ. ‘ಹಾಕು’ ಇನ್ನೂ ದೊಡ್ಡ ಬಲೆ. ಬ್ರೇಕ್ ಹಾಕು ‘ಅಪ್ಲೈ ದ ಬ್ರೇಕ್ಸ್’, ಅರ್ಜಿ ಹಾಕು ‘ಸಬ್ಮಿಟ್ ಆನ್ ಅಪ್ಲಿಕೇಶನ್’, ಮತ ಹಾಕು ‘ಕಾಸ್ಟ್ ಎ ವೋಟ್’. ಬಲೆ ಬೀಸುವುದಕ್ಕೂ ಅದೇ ಪದ, ‘ಕಾಸ್ಟ್ ಎ ನೆಟ್’. ತಪ್ಪು ಮಾಡು ಎಂಬಲ್ಲಿ ‘ಮೇಕ್ ಎ ಮಿಸ್ಟೇಕ್’, ಕೆಲಸ ಮಾಡು ಎಂಬಲ್ಲಿ ‘ಡೂ ದ ವರ್ಕ್’. ಗಮನ ಕೊಡು ಎಂಬಲ್ಲಿ ‘ಪೇ ಅಟೆನ್ಷನ್’, ಸುಳ್ಳು ಹೇಳು ಎಂಬಲ್ಲಿ ‘ಟೆಲ್ ಎ ಲೈ’. ಅತಿ ಅಪಾಯದ ಜೋಡಿ ಇನ್ನೊಂದಿದೆ. ತೀರಿಕೊಂಡರು ಎಂಬುದಕ್ಕೆ ‘ಪಾಸ್ಡ್ ಅವೇ’. ‘ಪಾಸ್ಡ್ ಔಟ್’ ಎಂದರೆ ಮೂರ್ಛೆ ಹೋದರು, ಅಥವಾ ನಮ್ಮ ದೇಶದ ಬಳಕೆಯಲ್ಲಿ, ಕಾಲೇಜು ಮುಗಿಸಿದರು.

ಈಗ ಅಂಕೋಲೆಯಲ್ಲಿ ನನ್ನದೇ ಒಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ದಿನಕ್ಕೆ ಹತ್ತು ಅರ್ಜಿಯಾದರೂ ಕೈಯಲ್ಲಿ ಹಾಯುತ್ತದೆ. ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಮನೆಗಳವರು ಹಳೆಯ ಕಾಗದದ ಕಟ್ಟು ತರುತ್ತಾರೆ. ಆ ನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಕಾಗದಗಳು ಇನ್ನೂ ಮುಗಿದಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಹಣ ತೆಗೆದುಕೊಳ್ಳುವಾಗ ‘ಅಂಡರ್ ಪ್ರೊಟೆಸ್ಟ್’, ಅಂದರೆ ಆಕ್ಷೇಪಣೆಯೊಂದಿಗೆ, ಎಂದು ದಾಖಲಿಸಿ ಸಹಿ ಹಾಕಿದವರಿಗೆ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋಗುವ ದಾರಿ ಉಳಿಯುತ್ತಿತ್ತು. ಸುಮ್ಮನೆ ಸಹಿ ಹಾಕಿದವರಿಗೆ ಆ ದಾರಿ ಮುಚ್ಚುತ್ತಿತ್ತು. ಎರಡೇ ಪದ. ಹಾಗಾಗಿ, ಇಂಗ್ಲಿಷ್ ಜೋಡಿಪದ ಪರೀಕ್ಷೆಯ ಎರಡು ಮಾರ್ಕಿನ ವಿಷಯ ಎಂದು ಯಾರಾದರೂ ಹೇಳಿದರೆ ನನಗೆ ತಡೆಯುವುದಿಲ್ಲ.

ನಾನು ಮಾಡಿಕೊಂಡ ಕ್ರಮ ಹೇಳುತ್ತೇನೆ, ಬೇಕಾದವರು ತೆಗೆದುಕೊಳ್ಳಿ.

ಹೊಸ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ‘ಡಿಸಿಷನ್ ಅಂದರೆ ನಿರ್ಧಾರ’ ಎಂದಲ್ಲ, ‘ಮೇಕ್ ಎ ಡಿಸಿಷನ್’ ಎಂದು, ಅದರ ಕೆಳಗೆ ನಿಮ್ಮ ಮನೆಯದೇ ಒಂದು ವಾಕ್ಯ: ‘ಅಮ್ಮ ಮೇಡ್ ಎ ಡಿಸಿಷನ್ ಟು ಸೆಲ್ ದ ಕೌ.’ ಮನೆಯ ದನ ಸೇರಿದ ಜೋಡಿ ಮರೆತು ಹೋಗುವುದಿಲ್ಲ.

ನಿಘಂಟು ನೋಡುವಾಗ ಅರ್ಥದ ಹತ್ತಿರ ನಿಲ್ಲಬೇಡಿ, ಕೆಳಗಿನ ಉದಾಹರಣೆ ವಾಕ್ಯದವರೆಗೆ ಹೋಗಿ. ಬರೀ ಜೋಡಿಗಳಿಗಾಗಿಯೇ ಆಕ್ಸ್‌ಫರ್ಡ್ 2002ರಲ್ಲಿ ಬೇರೆ ನಿಘಂಟು ತಂದಿದೆ. ನಾಮಪದ ಹುಡುಕಿದರೆ ಅದರ ಸಂಗಡಿಗ ಕ್ರಿಯಾಪದಗಳೆಲ್ಲ ಅಲ್ಲೇ ಸಾಲಾಗಿ ಸಿಗುತ್ತವೆ.

ಜೂನ್ ತಿಂಗಳಲ್ಲಿ ಇಂಗ್ಲಿಷ್ ಪೇಪರಿನ ಕರಾವಳಿ ಸುದ್ದಿ ಓದಿ. ‘ಹೆವಿ ರೇನ್’, ‘ರಫ್ ಸೀ’, ‘ಹೈ ಟೈಡ್’, ‘ಲೋ ಪ್ರೆಶರ್’, ಎಲ್ಲವೂ ನೀವು ಕಣ್ಣಾರೆ ಕಂಡ ಸಂಗತಿಗಳೇ. ಕಂಡದ್ದರ ಮೇಲೆ ಕೂತ ಪದ ಗಟ್ಟಿಯಾಗಿ ಉಳಿಯುತ್ತದೆ.

ಮುಖ್ಯ ಕಾಗದವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸದೆ ಕಳಿಸಬೇಡಿ. ನನ್ನ ಎಂಬತ್ತನಾಲ್ಕು ಮಾರ್ಕನ್ನು ನೆನಪಿಡಿ.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು. ಸಂವಿಧಾನದ 350ನೇ ವಿಧಿಯ ಪ್ರಕಾರ ಕೇಂದ್ರದ್ದಾಗಲಿ ರಾಜ್ಯದ್ದಾಗಲಿ ಯಾವ ಅಧಿಕಾರಿಗೂ ನಿಮ್ಮ ಅಹವಾಲನ್ನು ಕನ್ನಡದಲ್ಲೇ ಕೊಡುವ ಹಕ್ಕು ನಿಮಗಿದೆ. ಇಂಗ್ಲಿಷ್ ಕಲಿಯಿರಿ, ಚೆನ್ನಾಗಿ ಕಲಿಯಿರಿ, ಅದು ಅನ್ನ ಕೊಡುತ್ತದೆ, ನನಗೂ ಕೊಡುತ್ತಿದೆ. ಆದರೆ ಕೈ ಕಾಲು, ಜಮೀನು, ಜೀವದ ಮಾತನ್ನು ಒಂದೊಂದು ಪದಕ್ಕೂ ನೀವು ಜವಾಬು ಕೊಡಬಲ್ಲ ಭಾಷೆಯಲ್ಲಿ ಬರೆಯಿರಿ. ಮಾವನ ಮಾತು ಕೇಳಬೇಡಿ.

ಕಳೆದ ತಿಂಗಳು ಅಪ್ಪ ಬ್ಯಾಂಕಿನ ಒಂದು ಫಾರ್ಮಿಗೆ ಸಹಿ ಹಾಕಬೇಕಿತ್ತು. ಎರಡು ಪುಟ, ಪೂರ್ತಿ ಇಂಗ್ಲಿಷು. ನಾನೇ ತುಂಬಿ, ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಕೊಟ್ಟೆ. ಅಪ್ಪ ಕನ್ನಡಕ ಏರಿಸಿದ, ಪೆನ್ನು ತೆಗೆದ, ಟೊಪ್ಪಿ ಬಿಚ್ಚಿದ. ಆಮೇಲೆ ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಹೇಳಿದ, “ಓದಿ ಹೇಳು ತಂಗೀ. ಕನ್ನಡದಲ್ಲಿ.”

ಒಂದೊಂದೇ ಸಾಲು ಓದಿ ಹೇಳಿದೆ. ಮುಕ್ಕಾಲು ತಾಸು ಹಿಡಿಯಿತು. ಅವನು ನಡುವೆ ಎರಡು ಕಡೆ ತಡೆದು ಕೇಳಿದ. ಒಂದು ಕಡೆ ನನಗೂ ಅರ್ಥ ಸ್ಪಷ್ಟವಿರಲಿಲ್ಲ, ಎದ್ದು ನಿಘಂಟು ತಂದು ನೋಡಿ ಹೇಳಿದೆ. ಆಮೇಲೆ ಸಹಿ ಹಾಕಿದ. ಅದೇ ಕನ್ನಡ ಸಹಿ.